ಬಿಸಿಲಲ್ಲಿ ಹತ್ತಿದ ಮಳೆ

ಸಂಸೆ
೨೦ ಜನವರಿ ೨೦೨೫

ಅರುಣಾ,

ನಿನ್ನ ವಿಳಾಸ ಕೊಟ್ಟಿದ್ದು ಅಂಗನವಾಡಿ ವಿಮಲಮ್ಮ. ಟ್ರೈನಿಂಗಿಗೆಂದು ಚಿಕ್ಕಮಗಳೂರಿಗೆ ಹೋದಾಗ ಇನ್ವರ್ಟರ್ ರಿಪೇರಿ ಅಂಗಡಿಯೊಂದರಲ್ಲಿ ನಿನ್ನನ್ನು ಕಂಡರಂತೆ. ಮಾತಾಡಿಸಿದರೆ ತಲೆ ಎತ್ತದೆ ಉತ್ತರ ಕೊಟ್ಟೆಯಂತೆ. ಇರಲಿ. ದೀಪಾವಳಿ ಹೊತ್ತಿಗೆ ನೀನು ಗಂಡನ ಮನೆ ಬಿಟ್ಟು ಹೋದೆ ಎಂದಷ್ಟೇ ನಿಮ್ಮಪ್ಪ ನನಗೆ ಹೇಳಿದ್ದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಅಂಗೈ ತಿರುಗಿಸಿ ತೋರಿಸಿದರು.

ಈಗ ಬರೆಯುತ್ತಿರುವುದು ಬೋರ್ಡಿನ ವಿಷಯಕ್ಕೆ. ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಪ್ಲೈವುಡ್ಡಿಗೆ ತೂತು ಹೊಡೆದು, ಕೆಂಪು ಎಲ್‌ಇಡಿ ಕೂರಿಸಿ, ಕಿವಿ ಕೇಳದ ಅಮ್ಮನಿಗೆಂದು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದೆಯಲ್ಲ, ಅದೇ. ಯಾರಾದರೂ ಬೆಲ್ ಒತ್ತಿದರೆ ‘ಬಾಗಿಲು’, ಹನಿ ಬಿದ್ದರೆ ‘ಮಳೆ’, ಟ್ಯಾಂಕ್ ತುಂಬಿದರೆ ‘ನೀರು’. ಇಷ್ಟು ವರ್ಷ ಈ ಮನೆ ನನ್ನ ಜೊತೆ ಆಡಿದ್ದು ಆ ಮೂರೇ ಮಾತು.

ಹೋದ ವಾರ ಅಂಗಳದಲ್ಲಿ ಕಾಫಿ ಹರಡಿ ಒಳಗೆ ಬಂದಿದ್ದೆ. ‘ಮಳೆ’ ಹತ್ತಿತು. ಟಾರ್ಪಾಲು ಎಳೆದುಕೊಂಡು ಓಡಿದರೆ ಹೊರಗೆ ನೆತ್ತಿ ಸುಡುವ ಬಿಸಿಲು. ಬಾಗಿಲಲ್ಲಿ ವಿಮಲಮ್ಮ ಬೆಲ್ಲಿನ ಮೇಲೆ ಬೆರಳಿಟ್ಟು ನಿಂತಿದ್ದರು. ಯಾವಾಗಲೂ ಹಿತ್ತಲಿಂದ ಬರುವವರು, ಅವತ್ತು ಅದೇಕೋ ಮುಂದಿನಿಂದ ಬಂದಿದ್ದರು. ಮತ್ತೆ ಮತ್ತೆ ಒತ್ತಿಸಿ ನೋಡಿದೆ. ಬೆಲ್ ಒತ್ತಿದರೆ ‘ಮಳೆ’ ಹತ್ತುತ್ತದೆ. ‘ಬಾಗಿಲು’ ಹತ್ತುವುದೇ ಇಲ್ಲ. ಅದು ಕೊನೆಯ ಸಲ ಹತ್ತಿದ್ದು ಯಾವಾಗ ಎಂದು ನೆನಪು ಮಾಡಿಕೊಂಡರೂ ಬರಲಿಲ್ಲ. ಈ ಮನೆಗೆ ಈಗ ಯಾರೂ ಬರುವುದಿಲ್ಲ ಎಂದೇ ತಿಳಿದಿದ್ದೆ.

ಏನು ಮಾಡಬೇಕೆಂದು ಬರೆ. ಫೋನು ನಿಮ್ಮಪ್ಪನ ಜೇಬಿನಲ್ಲಿರುತ್ತದೆ. ಪತ್ರ ವಿಮಲಮ್ಮನ ವಿಳಾಸಕ್ಕೆ ಹಾಕು.

ನಿನ್ನ ಅಮ್ಮ
ರಾಮಮ್ಮ

*

ಚಿಕ್ಕಮಗಳೂರು
೩೦ ಜನವರಿ ೨೦೨೫

ಅಮ್ಮನವರಿಗೆ,

ಪತ್ರ ತಲುಪಿತು. ಹೆಂಚಿನ ಮೇಲೆ ಮಳೆ ಹನಿ ಹಿಡಿಯಲು ಒಂದು ತಾಮ್ರದ ಗೆರೆಗಳ ತಟ್ಟೆ ಇಟ್ಟಿದ್ದೆ. ಅದರ ಮೇಲೆ ಪಾಚಿ, ಹಕ್ಕಿಯ ಹಿಕ್ಕೆ ಕೂತರೆ ಮಳೆಯಿಲ್ಲದೆಯೂ ಹತ್ತಬಹುದು. ಇಳಿಸಿ, ಉಪ್ಪುಕಾಗದದಿಂದ ಉಜ್ಜಿ, ಬಿಸಿಲಿಗಿಟ್ಟು ನೋಡಿ. ಅಡಾಪ್ಟರ್ ಕಿತ್ತಿಟ್ಟೇ ಕೆಲಸ ಮಾಡಿ.

ಬೆಲ್ಲಿಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ. ‘ಬಾಗಿಲು’ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಅದು ಕೆಡುವಂಥದ್ದಲ್ಲ. ಹತ್ತಿದ್ದನ್ನು ನೀವು ನೋಡದೆ ಇದ್ದಿರಬಹುದು.

ಅರುಣಾ

*

ಸಂಸೆ
೧೪ ಫೆಬ್ರವರಿ ೨೦೨೫

ಅರುಣಾ,

ತಟ್ಟೆ ಉಜ್ಜಿದೆ. ಈಗ ಹೊಸ ಕಾಸಿನ ಹಾಗೆ ಹೊಳೆಯುತ್ತಿದೆ. ಬೆಲ್ ಒತ್ತಿದರೆ ಈಗಲೂ ‘ಮಳೆ’ಯೇ.

ನಾನು ಯಾವಾಗಿನಿಂದ ನಿನಗೆ ‘ನೀವು’ ಆದೆ? ಜ್ವರ ಬಂದು ನನ್ನ ಕಿವಿ ಹೋದಾಗ ನನಗಿನ್ನೂ ಹನ್ನೆರಡು ತುಂಬಿರಲಿಲ್ಲ. ಆಮೇಲಿನ ಮಾತೆಲ್ಲ ನಾನು ಕಣ್ಣಿನಿಂದ ಕೇಳಿದ್ದು. ಕಣ್ಣಿನಿಂದ ಕೇಳುವವಳಿಗೆ ಕಾಗದದ ಮೇಲಿನ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ತಾಗುತ್ತದೆ. ಗಂಡನ ಮನೆ ಬಿಟ್ಟಿದ್ದಕ್ಕೆ ನಾನು ನಿನ್ನನ್ನು ಒಂದು ಮಾತು ಅಂದಿಲ್ಲ. ಬಿಟ್ಟವಳು ನನ್ನ ಹತ್ತಿರ ಯಾಕೆ ಬರಲಿಲ್ಲ ಎಂಬುದನ್ನು ಮಾತ್ರ ಪ್ರತಿದಿನ ಕೇಳಿಕೊಂಡಿದ್ದೇನೆ. ಹೆತ್ತವಳು ಕಿವುಡಿಯಾದರೆ ಹೇಳಿಕೊಳ್ಳಲೂ ಬೇಸರವೇನೋ.

ನಿನ್ನ ಅಕ್ಷರ ಬದಲಾಗಿದೆ. ಮುತ್ತಿನ ಹಾಗೆ ಬರೆಯುತ್ತಿದ್ದೆ. ಈಗ ಎಲ್ಲ ಎಡಕ್ಕೆ ವಾಲಿವೆ.

ಅಮ್ಮ

*

ಚಿಕ್ಕಮಗಳೂರು
೨೨ ಫೆಬ್ರವರಿ ೨೦೨೫

ಅಮ್ಮನವರಿಗೆ,

ಯಾಕೆ ಬರಲಿಲ್ಲ ಎಂದು ನೀವು ಕೇಳಿದ್ದು ಓದಿ ಪತ್ರ ಮಡಿಸಿಟ್ಟೆ. ನೀವು ಕೇಳಬಹುದಾದ ಪ್ರಶ್ನೆ ಅದಲ್ಲ. ಬೋರ್ಡಿನ ವಿಷಯಕ್ಕೆ ಬರುತ್ತೇನೆ.

ಬೋರ್ಡಿನ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರೊಳಗೆ ಸ್ಕ್ರೂಗಳ ಸಾಲು, ಪ್ರತಿ ಸ್ಕ್ರೂವಿನ ಪಕ್ಕ ನಾನು ಬರೆದ ಅಕ್ಷರ: ಬಾ, ಮ, ನೀ. ‘ಮ’ ಸ್ಕ್ರೂವಿನಿಂದ ಹಳದಿ ವೈರು ಬಿಚ್ಚಿ. ಅದು ಮಳೆ ತಟ್ಟೆಯಿಂದ ಬರುವುದು. ಆಮೇಲೆ ಅಡಾಪ್ಟರ್ ಹಾಕಿ ಯಾರಿಂದಲಾದರೂ ಬೆಲ್ ಒತ್ತಿಸಿ. ‘ಮಳೆ’ ಹತ್ತದಿದ್ದರೆ ದೋಷ ಹೆಂಚಿನ ಮೇಲೆ. ಆಗಲೂ ಹತ್ತಿದರೆ ಬೆಲ್ಲಿನ ಕರೆಂಟು ಡಬ್ಬಿಯೊಳಗೇ ದಾರಿ ತಪ್ಪಿ ‘ಮ’ಕ್ಕೆ ಹೋಗುತ್ತಿದೆ. ಬೆಲ್ಲಿನಿಂದ ಬರುವ ನೀಲಿ ವೈರು ‘ಬಾ’ ಸ್ಕ್ರೂವಿನ ಕೆಳಗೆ ಗಟ್ಟಿಯಾಗಿ ಕೂತಿದೆಯೇ ನೋಡಿ. ಏನು ಕಂಡಿತೋ ಅದನ್ನು ಹಾಗೆಯೇ ಬರೆಯಿರಿ. ಏನನ್ನೂ ಊಹಿಸಬೇಡಿ.

ಅರುಣಾ

*

ಸಂಸೆ
೯ ಮಾರ್ಚ್ ೨೦೨೫

ಅರುಣಾ,

ಊಹಿಸಬೇಡಿ ಎಂದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹಳದಿ ವೈರು ಬಿಚ್ಚಿದೆ. ವಿಮಲಮ್ಮ ಹೊರಗೆ ಹೋಗಿ ಬೆಲ್ ಒತ್ತಿದರು. ‘ಮಳೆ’ ಹತ್ತಿತು. ಅಂದರೆ ನೀನು ಹೇಳಿದ ಎರಡನೆಯದು. ಅಡಾಪ್ಟರ್ ಕಿತ್ತು, ಕಿಟಕಿಯ ಹತ್ತಿರ ತಂದು, ಕನ್ನಡಕ ಹಾಕಿಕೊಂಡು ನೋಡಿದೆ.

ನೀಲಿ ವೈರು ‘ಬಾ’ ಸ್ಕ್ರೂವಿನಲ್ಲಿ ಇದೆ. ಆದರೆ ಒಂದು ಬೆರಳಿನಷ್ಟೇ ಇದೆ. ಅದರ ತುದಿಗೆ ಕಪ್ಪು ಟೇಪು ಸುತ್ತಿದೆ, ನೀಟಾಗಿ. ಗೋಡೆಯ ಕಡೆಯಿಂದ ಬರುವ ನೀಲಿ ವೈರು ಬೇರೆಯೇ ಇದೆ. ಅದಕ್ಕೂ ಟೇಪು ಸುತ್ತಿದ್ದ ಗುರುತಿದೆ, ಒಲೆಯ ಬಿಸಿಗೆ ಗೋಂದು ಕರಗಿ ಕಳಚಿ ಬಿದ್ದಿದೆ. ತಾಮ್ರದ ಬರಿ ತುದಿ ಜಾರಿ ‘ಮ’ ಸ್ಕ್ರೂವಿಗೆ ಒರಗಿಕೊಂಡಿದೆ. ಇಲಿ ಕಡಿದಿದ್ದಲ್ಲ. ಎರಡು ತುದಿಯೂ ಒಂದೇ ಏಟಿಗೆ ಕತ್ತರಿಸಿದ ಹಾಗೆ ಸಮವಾಗಿವೆ.

ಯಾವುದೋ ಕಾರಣಕ್ಕೆ ನೀನೇ ಹೀಗೆ ಮಾಡಿದ್ದೆಯಾ?

ಅಮ್ಮ

*

ಚಿಕ್ಕಮಗಳೂರು
೧೬ ಮಾರ್ಚ್ ೨೦೨೫

ಅಮ್ಮಾ,

ನಾನು ಮಾಡಿದ್ದಲ್ಲ.

ನಿನ್ನ ಪತ್ರ ಬಂದಾಗ ಅಂಗಡಿಯಲ್ಲಿದ್ದೆ. ಎರಡು ಸಲ ಓದಿದೆ. ಆಮೇಲೆ ತಯ್ಯಬ್ ಸಾಹೇಬರಿಗೆ ಹೇಳಿ ಮನೆಗೆ ಬಂದುಬಿಟ್ಟೆ. ನನಗೆ ಕೆಲಸ ಕೊಟ್ಟಿರುವವರು ಅವರೇ. ಅವರ ಹೆಂಡತಿ ಅಖ್ತರ್ ಬಾನು ತಮ್ಮ ಮನೆಯ ಮಹಡಿಯಲ್ಲಿ ಒಂದು ರೂಮು ಕೊಟ್ಟಿದ್ದಾರೆ. “ಜ್ವರ ಏನಮ್ಮಾ?” ಎಂದು ಕೇಳಿದರು. ಹೌದು ಎಂದೆ.

ಈಗ ನಾನು ಹೇಳುವುದನ್ನು ನೀನು ಕೂತು ಓದು.

ನಾನು ಬಂದಿದ್ದೆ. ಹೋದ ವರ್ಷ ಆಷಾಢದಲ್ಲಿ. ದೇವೇಂದ್ರನ ಮನೆಯಲ್ಲಿ ಇನ್ನು ಇರುವುದಿಲ್ಲ, ಅಮ್ಮನ ಹತ್ತಿರ ಬರುತ್ತೇನೆ ಎಂದು ಅಪ್ಪನಿಗೆ ಮೊದಲೇ ಫೋನ್ ಮಾಡಿ ಹೇಳಿದ್ದೆ. ಅಪ್ಪ ಹೂಂ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಗೋಣಿಬೀಡಿನ ಆ ಮನೆಯಿಂದ ಹೊರಟು ಬಸ್ಸು ಬದಲಿಸಿ ಮಧ್ಯಾಹ್ನ ಸಂಸೆಯಲ್ಲಿಳಿದೆ. ಮಳೆ ಕಾಲಿಡಲು ಬಿಡುತ್ತಿರಲಿಲ್ಲ. ಅಪ್ಪನ ಬಾಡಿಗೆ ಜೀಪು ಅಂಗಳದಲ್ಲೇ ಇತ್ತು. ನಿನ್ನ ಚಪ್ಪಲಿ ಮೆಟ್ಟಿಲ ಮೇಲಿತ್ತು. ಹೆಂಚಿನ ಸಂದಿಯಲ್ಲಿ ಹೊಗೆ. ನೀನು ಒಲೆಯ ಮುಂದಿದ್ದೀಯ, ನಿನ್ನ ತಲೆಯ ಮೇಲೆ ನನ್ನ ಬೋರ್ಡು ಇದೆ ಎಂದು ಗೊತ್ತಿತ್ತು. ಬೆಲ್ ಒತ್ತಿದೆ. ಕೈ ಬಿಡದೆ ಒತ್ತಿದೆ.

ಅಪ್ಪ ಹಿತ್ತಲಿಂದ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರು.

“ಯಾಕೆ ಬಂದೆ ಮಾರಾಯ್ತಿ, ಈ ಮಳೇಲಿ?”

“ಅಮ್ಮನ್ನ ಕರೀರಿ ಅಪ್ಪ. ನಾನು ಮೊದ್ಲೇ ಹೇಳಿದ್ನಲ್ಲ.”

“ಕರೆಯೋದೇನು? ಒಳಗೆ ಬಾಗಿಲು ಅಂತ ಕೆಂಪಗೆ ಉರೀತಾ ಇದೆ. ನೋಡ್ತಾ ಕೂತಿದ್ದಾಳೆ. ನಾನೇ ಹೋಗಿ ತೆಗಿ ಅಂದೆ. ಕಟ್ಕೊಂಡವನನ್ನ ಬಿಟ್ಟು ಬಂದವಳಿಗೆ ತೆಗೆಯಲ್ಲ ಅಂದ್ಲು.”

“ಅಮ್ಮ ಹಂಗೆ ಅಂದ್ಲಾ?”

“ಮತ್ತೆ ನಾನೇನು ಸುಳ್ಳು ಹೇಳ್ತೀನಾ? ಹೋಗು, ಕೊನೇ ಬಸ್ಸು ತಪ್ಪುತ್ತೆ.”

ಅಪ್ಪನ ಮಾತನ್ನು ಬೇರೆ ದಿನವಾಗಿದ್ದರೆ ನಂಬುತ್ತಿರಲಿಲ್ಲ. ಬೋರ್ಡನ್ನು ನಂಬಿದೆ. ಒಂದೊಂದು ಎಲ್‌ಇಡಿಯನ್ನೂ ನಾನೇ ಬೆಸೆದು ಪರೀಕ್ಷೆ ಮಾಡಿದ್ದು. ಬೆಲ್ ಒತ್ತಿದರೆ ಅದು ಹತ್ತದೆ ಇರಲು ಸಾಧ್ಯವೇ ಇಲ್ಲ ಎಂಬ ಜಂಬ ನನಗಿತ್ತು. ಹತ್ತಿದ್ದರೆ ನೀನು ನೋಡಿಯೇ ಇರುತ್ತೀಯ. ನೋಡಿಯೂ ಏಳಲಿಲ್ಲ ಅಂದರೆ ಮತ್ತೆ ಹೇಳುವುದಕ್ಕೇನಿದೆ?

ಬೇರೆ ಜಾಗ ಇರಲಿಲ್ಲ. ದೇವೇಂದ್ರನ ಮನೆಗೇ ವಾಪಸ್ ಹೋದೆ. ದೀಪಾವಳಿವರೆಗೆ ಅಲ್ಲಿದ್ದೆ. ತವರಿಂದಲೂ ಅಟ್ಟಿಸಿಕೊಂಡು ಬಂದವಳು ಎಂದು ಗೊತ್ತಾದ ಮೇಲೆ ಅವನಿಗೆ ಯಾರ ಹೆದರಿಕೆಯೂ ಇರಲಿಲ್ಲ. ಆ ತಿಂಗಳುಗಳ ವಿಷಯ ಬರೆಯುವುದಿಲ್ಲ. ಅಕ್ಷರ ವಾಲಿದೆ ಎಂದು ಕೇಳಿದ್ದೆಯಲ್ಲ. ಬಲಗೈ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ.

ರಿಪೇರಿ ಸುಲಭ. ತುಂಡು ವೈರು ಕಿತ್ತು ಹಾಕು. ಗೋಡೆಯ ಕಡೆಯ ನೀಲಿ ವೈರಿನ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ‘ಬಾ’ ಸ್ಕ್ರೂವಿಗೆ ಬಿಗಿ. ಹಳದಿಯನ್ನು ‘ಮ’ಕ್ಕೆ ಹಾಕು. ಎರಡು ನಿಮಿಷದ ಕೆಲಸ.

ಅರುಣಾ

*

ಸಂಸೆ
೨೮ ಏಪ್ರಿಲ್ ೨೦೨೫

ಅರುಣಾ,

ಇಷ್ಟು ದಿನ ಬರೆಯಲಾಗಲಿಲ್ಲ. ಪೆನ್ನು ಹಿಡಿದರೆ ನಿನ್ನ ಮಣಿಕಟ್ಟು ಕಣ್ಣ ಮುಂದೆ ಬರುತ್ತಿತ್ತು.

ಆ ಮಧ್ಯಾಹ್ನ ನಾನೇನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಮಳೆಗಾಲದ ದಿನಗಳೆಲ್ಲ ಒಂದೇ ಥರ. ಬೋರ್ಡಿನಲ್ಲಿ ‘ಮಳೆ’ ಆರುವುದೇ ಇಲ್ಲ. ಗಂಜಿ ಕಲಕುತ್ತಿದ್ದೆನೋ, ಬಟ್ಟೆ ಒಣಗಿಸುತ್ತಿದ್ದೆನೋ. ನೀನು ಒಂದು ಗೋಡೆಯ ಆಚೆ ನಿಂತಿದ್ದೆ.

ನಿಮ್ಮಪ್ಪ ಕಾಫಿ ಕುಡಿಯಲು ಕೂತಾಗ ತುಂಡು ವೈರನ್ನು ಲೋಟದ ಪಕ್ಕ ಇಟ್ಟೆ. ಅದನ್ನು ನೋಡಿದರು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ.

“ಅವಳು ಬಂದಿದ್ಲಾ?” ಎಂದೆ.

ಲೋಟವನ್ನು ವೈರಿನಿಂದ ದೂರ ಸರಿಸಿದರು. ಆಮೇಲೆ ಅಂದರು, “ನಾನೇ ಮುಂದೆ ನಿಂತು ಮಾಡಿದ ಸಂಬಂಧ ಅದು. ಬಿಟ್ಟು ಬಂದ್ರೆ ತಂಗಿ ಮುಖ ಹೆಂಗೆ ನೋಡ್ಲಿ? ಎರಡು ದಿನ ಕೋಪ ಇಳಿದ್ರೆ ಅಲ್ಲೇ ಹೋಗ್ತಾಳೆ ಅನ್ಕೊಂಡೆ. ಹೋದ್ಲಲ್ಲ?”

ಅವರ ತಂಗಿ ಸರೋಜಮ್ಮನ ಮಗನಿಗೆ ನಿನ್ನನ್ನು ಕೊಡುವಾಗಲೂ ನಾನು ಬೇಡ ಎಂದಿದ್ದೆ. ಆಗ ಈ ಮನೆಯಲ್ಲಿ ನಾನೊಬ್ಬಳೇ ಅಲ್ಲ, ಎಲ್ಲರೂ ಕಿವುಡರಾಗಿದ್ದರು.

“ಮತ್ತೆ,” ಅಂದರು, “ಅವಳು ಇಲ್ಲಿಗೆ ಬಂದಿದ್ರೆ ನಾಳೆ ನಿನ್ನನ್ನೂ ಕರ್ಕೊಂಡು ಹೋಗ್ತಿದ್ಲು. ಫೋನಲ್ಲೇ ಹೇಳಿದ್ಲು, ಅಮ್ಮನ್ನ ಆ ಮನೇಲಿ ಬಿಡಲ್ಲ ಅಂತ. ನಾನೇನು ಮಾಡ್ಲಿ ಒಬ್ನೇ?”

ಮಣಿಕಟ್ಟಿನ ವಿಷಯ ಹೇಳಿದೆ. “ನನ್ನ ಕಿವುಡನ್ನೇ ದೊಣ್ಣೆ ಮಾಡ್ಕೊಂಡು ಮಗಳಿಗೆ ಹೊಡೆದ್ರಿ” ಎಂದೆ. ನನ್ನ ದನಿ ಎಷ್ಟು ಏರಿತ್ತೋ ನನಗೆ ತಿಳಿಯದು. ವಿಮಲಮ್ಮ ತಮ್ಮ ಮನೆಯಿಂದ ಓಡಿ ಬಂದರು.

ನಿಮ್ಮಪ್ಪ ವೈರನ್ನು ತಾವೇ ಹಾಕಿಕೊಡುತ್ತೇನೆಂದು ಕಟಿಂಗ್ ಪ್ಲೇಯರ್ ತಂದರು. ಬೋರ್ಡು ಮುಟ್ಟಲು ಬಿಡಲಿಲ್ಲ. ನಾನೇ ಹಾಕಿದೆ. ಎರಡು ನಿಮಿಷವಲ್ಲ, ಬಹಳ ಹೊತ್ತು ಹಿಡಿಯಿತು. ಈಗ ಸರಿಯಾಗಿ ಹತ್ತುತ್ತದೆ.

ಅಂದಿನಿಂದ ಅವರು ಮಾತಾಡುವಾಗ ನಾನು ಅವರ ಮುಖ ನೋಡುವುದಿಲ್ಲ. ಅಡುಗೆ ಮಾಡಿ ಬಡಿಸುತ್ತೇನೆ. ಮುಖ ನೋಡುವುದಿಲ್ಲ. ಅಂಗೈ ಮೇಲೆ ಬರೆಯಲು ಬಂದರೆ ಕೈ ಮುಚ್ಚಿಕೊಳ್ಳುತ್ತೇನೆ. ಕಿವುಡಿಗೆ ದೇವರು ಕೊಟ್ಟಿರುವ ಸೌಕರ್ಯ ಇದೊಂದೇ.

ಅಮ್ಮ

*

ಚಿಕ್ಕಮಗಳೂರು
೧೧ ಮೇ ೨೦೨೫

ಅಮ್ಮಾ,

ನೀನು ಬಂದುಬಿಡು. ರೂಮು ಚಿಕ್ಕದು, ಇಬ್ಬರಿಗೆ ಸಾಲುತ್ತದೆ. ಅಖ್ತರ್ ಬಾನು ಅವರೇ ಹೇಳಿದ್ದಾರೆ, “ತಾಯೀನ ಕರ್ಕೊಂಡು ಬಾ, ಯಾಕೆ ಯೋಚನೆ ಮಾಡ್ತೀಯಾ” ಎಂದು. ಒಂದು ಚೀಲ ಬಟ್ಟೆ ಸಾಕು.

ಇನ್ನೊಂದು ವಿಷಯ. ದೇವೇಂದ್ರನ ಮೇಲೆ ಮೂಡಿಗೆರೆ ಕೋರ್ಟಿನಲ್ಲಿ ಕೇಸು ಹಾಕಿದ್ದೇನೆ. ವಕೀಲೆ ತಂಗಮ್ಮ ನಡೆಸುತ್ತಿದ್ದಾರೆ. ನಾನು ಯಾವತ್ತೂ ಯಾರ ಹತ್ತಿರವೂ ದೂರಲಿಲ್ಲ, ಬೇರೆ ಯಾರದೋ ಜೊತೆ ಹೋಗುವ ಆಸೆಯಿಂದ ಒಮ್ಮೆಲೇ ಮನೆ ಬಿಟ್ಟೆ ಎಂದು ಅವನ ಕಡೆಯವರು ಹೇಳುತ್ತಿದ್ದಾರೆ. ಆಷಾಢದಲ್ಲೇ ನಾನು ತವರಿಗೆ ಓಡಿಬಂದಿದ್ದೆ ಎಂದು ಹೇಳಲು ಒಬ್ಬ ಸಾಕ್ಷಿ ಬೇಕು. ಅಮ್ಮ ಹೇಳಬಹುದೇ ಎಂದು ತಂಗಮ್ಮ ಕೇಳಿದರು. ನೀನು ನನ್ನನ್ನು ನೋಡಿಲ್ಲ. ನೋಡದ್ದನ್ನು ಹೇಗೆ ಹೇಳುತ್ತೀಯ? ಕತ್ತರಿಸಿದ ವೈರಿದೆ ಎಂದೆ. ಯಾರು ಯಾವಾಗ ಕತ್ತರಿಸಿದರೆಂದು ವೈರು ಬಾಯಿ ಬಿಡುವುದಿಲ್ಲ ಎಂದರು.

ಆ ದಿನ ನನ್ನನ್ನು ನೋಡಿದವರು ಅಪ್ಪ ಒಬ್ಬರೇ.

ಅರುಣಾ

*

ಸಂಸೆ
೩೦ ಜೂನ್ ೨೦೨೫

ಅರುಣಾ,

ಕೋರ್ಟಿನ ವಿಷಯದ ನಿನ್ನ ಪತ್ರವನ್ನು ನಿಮ್ಮಪ್ಪನ ಮುಂದಿಟ್ಟೆ. ಓದಿ ಜೇಬಿಗೆ ಹಾಕಿಕೊಂಡರು.

ನಾನು ಬರುವುದಿಲ್ಲ. ಚೀಲ ಕಟ್ಟಿದ್ದೆ. ಕಳಸದವರೆಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನನ್ನನ್ನು ಏನೋ ಕೇಳಿದ. ಗಡ್ಡ ಮೀಸೆಯ ನಡುವೆ ತುಟಿ ಕಾಣಲಿಲ್ಲ. ಮತ್ತೆ ಕೇಳಿದ. ಜನ ನೋಡತೊಡಗಿದರು. ಅವನು ಬಿಟ್ಟು ಹೋದ ಮೇಲೂ ನನ್ನ ಕಾಲು ಏಳಲಿಲ್ಲ. ಬಸ್ಸು ಹೋಯಿತು. ಮದುವೆಯಾದಂದಿನಿಂದ ಲೋಕ ಏನು ಹೇಳುತ್ತದೆ ಎಂಬುದನ್ನು ನಾನು ಓದಿದ್ದು ಒಂದೇ ಜೊತೆ ತುಟಿಯಲ್ಲಿ. ಆ ಪೇಟೆಯಲ್ಲಿ ಯಾರನ್ನು ಓದಲಿ?

ಮಗಳಿಗಾಗಿಯೂ ಧೈರ್ಯ ಬರಲಿಲ್ಲ ಎಂಬುದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ನೀನೇ ಬಾ ಅಮ್ಮಾ.

ಅಮ್ಮ

*

ಕಳಸ
೧೮ ಆಗಸ್ಟ್ ೨೦೨೫

ಅರುಣಾ,

ಜೀಪು ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ನನಗೆ ಪತ್ರ ಬರೆದು ರೂಢಿಯಿಲ್ಲ.

ನೀನು ಬರೆದದ್ದು ಓದಿದೆ. ಸರೋಜ ಇಲ್ಲಿಗೇ ಬಂದು ಅತ್ತು ಹೋದಳು. ಆದರೂ ಕೋರ್ಟಿಗೆ ಬರುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ದೇವೇಂದ್ರ ಕೈ ಮುರಿದದ್ದು ನನಗೆ ಗೊತ್ತಿರಲಿಲ್ಲ. ಅದಕ್ಕೆ ನನ್ನನ್ನು ಹೊಣೆ ಮಾಡಬೇಡ.

ನಿಮ್ಮಮ್ಮ ನನ್ನ ಮುಖ ನೋಡುವುದಿಲ್ಲ. ಮನೆಯಲ್ಲಿ ಗೋಡೆಯ ಹತ್ತಿರ ಮಾತಾಡಿದ ಹಾಗಾಗಿದೆ. ಮೊನ್ನೆ ಎದೆ ನೋಯುತ್ತದೆ ಎಂದೆ. ಅದೂ ಅವಳಿಗೆ ಗೊತ್ತಾಗಲಿಲ್ಲ. ನೀನು ಹೇಳಿದರೆ ಕೇಳುತ್ತಾಳೆ. ಒಂದು ಮಾತು ಬರೆ.

ಗುರುವಯ್ಯ

*

ಚಿಕ್ಕಮಗಳೂರು
೨ ಸೆಪ್ಟೆಂಬರ್ ೨೦೨೫

ಅಮ್ಮಾ,

ಅಪ್ಪ ಸಾಕ್ಷಿ ಹೇಳುತ್ತೇನೆಂದು ಬರೆದಿದ್ದಾರೆ. ನೀನು ಮುಖ ನೋಡಬೇಕಂತೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದಿದ್ದಾರೆ.

ಕೇಳಲು ನನಗೆ ಇಷ್ಟವಿಲ್ಲ. ಕೇಳುತ್ತಿದ್ದೇನೆ. ಬೇರೆ ಸಾಕ್ಷಿ ನನಗಿಲ್ಲ. ವಿಚಾರಣೆಯ ದಿನ ನೀನೂ ಬಾ. ಅವರು ಕಟಕಟೆಯಲ್ಲಿ ನಿಂತಾಗ ಎದುರಿಗೆ ಕೂತು ನೋಡು. ನೀನು ನೋಡುತ್ತಿದ್ದೀಯ ಎಂದು ಗೊತ್ತಾದರೆ ಹಿಂಜರಿಯಲಿಕ್ಕಿಲ್ಲ.

ಆ ಮನೆಗೆ ಮಾತ್ರ ನಾನು ಬರುವುದಿಲ್ಲ. ಬೋರ್ಡು ಸರಿಯಾಗಿದೆ ಎಂದು ಗೊತ್ತು. ಆದರೂ ಆ ಮೆಟ್ಟಿಲು ಹತ್ತಲಾರೆ.

ಅರುಣಾ

*

ವಿಮಲಮ್ಮನ ಮನೆ, ಸಂಸೆ
೨೪ ನವೆಂಬರ್ ೨೦೨೫

ಅರುಣಾ,

ಕೋರ್ಟಿನಲ್ಲಿ ನೀನು ವಕೀಲೆಯ ಹಿಂದೆ ಕೂತಿದ್ದೆ. ನಿಮ್ಮಪ್ಪ ಏನು ಹೇಳಿದರೆಂದು ನಿನಗೆ ಕೇಳಿಸಿತು. ನನಗೆ ಕಂಡದ್ದನ್ನು ಬರೆಯುತ್ತೇನೆ.

ನೀನು ಹೇಳಿದ ಹಾಗೆ ಎದುರಿಗೆ ಕೂತಿದ್ದೆ. ಎಷ್ಟೋ ತಿಂಗಳ ಮೇಲೆ ಅವರ ಮುಖ ನೋಡಿದೆ. ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡಿದ್ದರು, ಮೀಸೆ ಸಣ್ಣದಾಗಿ ಕತ್ತರಿಸಿದ್ದರು. ನನಗೆ ಓದಲು ಅನುಕೂಲವಾಗಲೆಂದೇ ಮಾಡಿದ್ದಾರೆ ಎಂದುಕೊಂಡೆ. ತಂಗಮ್ಮ ನನಗೆ ಬೆನ್ನು ಹಾಕಿ ನಿಂತಿದ್ದರು, ಪ್ರಶ್ನೆ ಕಾಣಲಿಲ್ಲ. ನಿಮ್ಮಪ್ಪ ಮೊದಲು ಸರೋಜಮ್ಮನ ಕಡೆ ನೋಡಿದರು. ಆಮೇಲೆ ನನ್ನ ಕಡೆ. ನನ್ನನ್ನು ನೋಡುತ್ತಲೇ ಹೇಳಿದರು. ಆ ತುಟಿಯಲ್ಲಿ ಒಂದು ಮಾತನ್ನೂ ನಾನು ತಪ್ಪಾಗಿ ಓದಿದವಳಲ್ಲ. “ಬಂದಿರಲಿಲ್ಲ” ಎಂದರು. ತಂಗಮ್ಮ ಮತ್ತೆ ಏನೋ ಕೇಳಿದಾಗ, “ಅವಳು ನಮ್ಮನೆಗೆ ಬಂದೇ ಇಲ್ಲ ಸ್ವಾಮಿ” ಎಂದರು.

ನಾನು ಎದ್ದು ನಿಂತು ಕೂಗಿದೆನಂತೆ. ಪೊಲೀಸಿನ ಹೆಂಗಸು ಹೊರಗೆ ಕರೆದುಕೊಂಡು ಹೋದರು. ನೀನು ತಿರುಗಿ ನೋಡಲಿಲ್ಲ. ನಿನ್ನ ತಪ್ಪಲ್ಲ. ಮುಖ ನೋಡು ಎಂದು ಬರೆದವಳು ನೀನು, ಅದಕ್ಕೆ ನನ್ನನ್ನು ನೋಡಲಾಗಲಿಲ್ಲ ಎಂದು ತಿಳಿದಿದ್ದೇನೆ.

ನಿಮ್ಮಪ್ಪ ಹೊರಗೆ ಬಂದು ಜೀಪಿನ ಬಾಗಿಲು ತೆಗೆದು ಹಿಡಿದರು. ಹತ್ತಲಿಲ್ಲ. ವಿಮಲಮ್ಮನ ಜೊತೆ ಬಸ್ಸಿನಲ್ಲಿ ಬಂದೆ. ಆ ಮನೆಗೆ ಹೋಗಿ ಸೀರೆಗಳನ್ನೂ ಔಷಧಿಯನ್ನೂ ತಂದೆ. ಅವರು ಅಂಗಳದಲ್ಲಿ ನಿಂತು ಮಾತಾಡುತ್ತಲೇ ಇದ್ದರು. ಏನು ಹೇಳಿದರೋ ಗೊತ್ತಿಲ್ಲ.

ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಈ ಸಲ ಕಳಸದಲ್ಲಿ ಇಳಿದು ಕೂರುವುದಿಲ್ಲ. ವಿಮಲಮ್ಮ ಚಿಕ್ಕಮಗಳೂರಿನ ಬಸ್ಸಿಗೆ ಹತ್ತಿಸುತ್ತಾರೆ. ನೀನು ಕರೆದಾಗ ಬರಲಿಲ್ಲ, ಈಗ ಕೇಳದೆ ಬರುತ್ತಿದ್ದೇನೆ. ಕೇಸಿನಲ್ಲಿ ನಿನಗೆ ನನ್ನಿಂದ ಏನೂ ಉಪಯೋಗವಾಗಲಿಲ್ಲ. ನನ್ನ ಮೇಲೆ ಕೋಪವಿದ್ದರೆ ಇರಲಿ. ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಬರಲಾದರೆ ಬಾ. ಬರಲಾಗದಿದ್ದರೆ ಅಖ್ತರ್ ಬಾನು ಅವರ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ತೋರಿಸಿ ಕೇಳಿಕೊಂಡು ಬರುತ್ತೇನೆ.

ಅಮ್ಮ